ಗುಡ್ಡದ ಮೇಲಿಂದ ಶಾಲೆಗೆ ಸೈಕಲ್ ದಾರಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕಡೆಯ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳದೇ ರಾಜ್ಯ. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎರಡೂ ಬದಿಗೆ ಕಬ್ಬಿನ ತುದಿ ಹೊರಚಾಚಿಕೊಂಡು, ಡ್ರೈವರನ ತಲೆಯ ಮೇಲೆ ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಬರುತ್ತವೆ. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ಆತನಿಗೆ ಕೇಳಿಸುವುದಿಲ್ಲ. ಎರಡು ಸಾವಿರದ ಹತ್ತು ದಾಟಿದ ಮೇಲಿನ ಆ ವರ್ಷಗಳಲ್ಲಿ ನಾನು ಚಿಕ್ಕೋಡಿಯ ಅಂಚಿನಲ್ಲಿದ್ದ ನಮ್ಮ ಮನೆಯಿಂದ ಗುಡ್ಡದ ಆಚೆಗಿನ ಹಳ್ಳಿಯ ಹೈಸ್ಕೂಲಿಗೆ ಸ್ಕೂಟಿಯ ಮೇಲೆ ಹೋಗಿ ಬರುತ್ತಿದ್ದೆ. ಅಲ್ಲಿ ಗಣಿತ ಕಲಿಸುತ್ತಿದ್ದೆ.

ಒಂದು ದಿನ ಮುಂಜಾನೆ ಹೀಗೇ ಒಂದು ಟ್ರ್ಯಾಕ್ಟರನ್ನು ದಾಟಲು ಹೋದಾಗ ಕಬ್ಬಿನ ತುದಿಯೊಂದು ನನ್ನ ಹೆಗಲ ಚೀಲದ ಪಟ್ಟಿಗೆ ಸಿಕ್ಕಿಕೊಂಡು ಎಳೆಯಿತು. ಯಾವ ಪುಣ್ಯವೋ, ಹೆಗಲು ಬಾಗಿ ಚೀಲ ತಾನೇ ಜಾರಿತು. ಇಲ್ಲದಿದ್ದರೆ ನಾನೇ ಜಾರುತ್ತಿದ್ದೆ. ನೋಡನೋಡುತ್ತ ನನ್ನ ಚೀಲ ಕಬ್ಬಿಗೆ ಜೋತುಬಿದ್ದು ತೂಗಾಡುತ್ತ ಮುಂದೆ ಹೊರಟಿತು. ಅದರಲ್ಲಿ ಒಂಬತ್ತನೇ ಇಯತ್ತೆಯ ಉತ್ತರಪತ್ರಿಕೆಗಳಿದ್ದವು, ನನ್ನ ರೊಟ್ಟಿಯ ಡಬ್ಬಿ ಇತ್ತು. ನಾನು ಹಾರ್ನ್ ಒತ್ತುತ್ತ ಬೆನ್ನು ಹತ್ತಿದೆ. ಕೊನೆಗೆ ಚಹಾದಂಗಡಿಯ ಮುಂದೆ ಕುಳಿತಿದ್ದವರು ಎದ್ದು ಕೈ ಬೀಸಿ ನಿಲ್ಲಿಸಿದರು. ಡ್ರೈವರ್ ಇಳಿದು ಬಂದು ಚೀಲವನ್ನೂ ನನ್ನನ್ನೂ ನೋಡಿ ಕೈ ಮುಗಿದ.

"ತಪ್ಪಾತ್ರಿ ಅಕ್ಕಾರ. ಇದು ಯಾವಾಗ ಹತ್ತಿ ಕುಂತತೋ ನನಗ ಗೊತ್ತ ಆಗಿಲ್ಲ ನೋಡ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಶಾಲೆ ಮುಟ್ಟುವವರೆಗೆ ಮತ್ತೆ ಒಂದು ಟ್ರ್ಯಾಕ್ಟರನ್ನೂ ದಾಟಲಿಲ್ಲ.

ಅಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದವಳು ಸುಮ್ಮನೆ ಗುಡ್ಡ ನೋಡುತ್ತ ನಿಂತೆ. ನನ್ನ ಶಾಲೆ ಇರುವುದು ಅದರ ಬೆನ್ನಿಗೇ. ರಸ್ತೆ ಮಾತ್ರ ಗುಡ್ಡದ ಬುಡವನ್ನು ಪೂರ್ತಿ ಸುತ್ತು ಹಾಕಿಕೊಂಡು ಹೋಗುತ್ತದೆ. ಹತ್ತಿ ಇಳಿದರೆ ಆಯಿತಲ್ಲ ಅನ್ನಿಸಿತು.

ಹತ್ತಿ ಇಳಿಯುವ ಸಾಧನವೂ ಮನೆಯಲ್ಲೇ ಇತ್ತು. ನಮ್ಮ ಮನೆಯವರು ಕಾಲೇಜಿನ ಗ್ರಂಥಪಾಲಕರು. ದಿನವಿಡೀ ಕುಳಿತು ಹೊಟ್ಟೆ ಬಂದಿದೆಯೆಂದು ಹಿಂದಿನ ವರ್ಷ ಕೊಲ್ಹಾಪುರಕ್ಕೆ ಹೋಗಿ ದಪ್ಪ ಟೈರಿನ, ಗೇರಿನ ಸೈಕಲ್ ತಂದಿದ್ದರು. ನಾಲ್ಕು ದಿನ ತುಳಿದರು. ಐದನೆಯ ದಿನ ಮೊಣಕಾಲು ಹಿಡಿಯಿತು. ಅಂದಿನಿಂದ ಅದು ಪಡಸಾಲೆಯ ಗೋಡೆಗೆ ಒರಗಿ ನಿಂತಿತ್ತು. ಅದರ ಹ್ಯಾಂಡಲ್ಲಿನ ಮೇಲೆ ನಾವು ಟವೆಲ್ ಒಣಹಾಕುತ್ತಿದ್ದೆವು. ರವಿವಾರ ನಾನು ಟವೆಲ್ ತೆಗೆದು ಅದನ್ನು ಅಂಗಳಕ್ಕೆ ತಂದೆ.

"ನಿನಗ ಗೇರ್ ಹಾಕಾಕ ಬರತೈತೇನ?" ಎಂದರು.

"ನಿಮಗ ಬರ್ತಿತ್ತೇನ್ರಿ?" ಎಂದೆ.

ಅವರು ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡು ನಕ್ಕರು.

ಗುಡ್ಡದ ಕಾಡು ಎಂದರೆ ಯಾರೂ ಇಲ್ಲದ ಅಡವಿ ಎಂದುಕೊಂಡಿದ್ದೆ. ಒಳಗೆ ಹೋಗಿ ನೋಡಿದರೆ ಚಿಕ್ಕೋಡಿಯ ಪೇಟೆಗಿಂತ ಹೆಚ್ಚು ಗದ್ದಲ. ಅರಣ್ಯ ಇಲಾಖೆಯವರು ಎಂದೋ ಹಚ್ಚಿದ ನೀಲಗಿರಿ, ಬೇವು, ತಾನಾಗಿ ಬೆಳೆದ ಜಾಲಿ, ಕವಳಿ, ಸೀತಾಫಲ. ಅದರ ನಡುವೆ ನಸುಕಿನಲ್ಲಿ ನಿವೃತ್ತ ಮಾಸ್ತರರ ಒಂದು ಗುಂಪು ಸಾಲಾಗಿ ನಿಂತು ಕೈ ಮೇಲೆತ್ತಿ ಗಟ್ಟಿಯಾಗಿ ನಗುವ ವ್ಯಾಯಾಮ ಮಾಡುತ್ತಿತ್ತು. ಮಿಲಿಟರಿ ಭರತಿಗೆ ತಯಾರಾಗುವವರು ಏದುಸಿರು ಬಿಡುತ್ತ ಓಡುತ್ತಿದ್ದರು. ಬಿಸಿಲೇರಿದ ಮೇಲೆ ಸೌದೆಗೆ ಬರುವ ಹೆಂಗಸರು, ಆಡು ಮೇಯಿಸುವವರು. ಹೀಗಾಗಿ ದಾರಿಗಳಿಗೆ ಕೊರತೆ ಇರಲಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ದಾರಿ ತುಳಿದುಕೊಂಡಿದ್ದರು. ಆದರೆ ಯಾರಿಗೂ ಈ ಕಡೆಯಿಂದ ಆ ಕಡೆಗೆ ಇಳಿಯುವ ಕೆಲಸವಿರಲಿಲ್ಲ. ಬಂದವರು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದರು.

ನನಗೆ ಎರಡು ತುದಿಗಳು ಬೇಗ ಸಿಕ್ಕವು. ನಮ್ಮ ಕಡೆಯಿಂದ ನೀರಿನ ಟಾಕಿಯವರೆಗೆ ವಾಕಿಂಗಿನವರ ಅಗಲವಾದ ದಾರಿ. ಶಾಲೆಯ ಹಿಂದಿನಿಂದ ಹಳೆಯ ಕಲ್ಲಿನ ಖಣಿಯವರೆಗೆ ಸೌದೆಯವರ ದಾರಿ. ಟಾಕಿಯ ಬಳಿ ನಿಂತರೆ ಶಾಲೆಯ ತಗಡು ಹೊಳೆಯುವುದು ಕಾಣುತ್ತಿತ್ತು. ಆದರೆ ಟಾಕಿಗೂ ಖಣಿಗೂ ನಡುವೆ ಜಾಲಿಯ ಮೆಳೆ, ಅದರ ಕೆಳಗೆ ಮಳೆನೀರು ಕೊರೆದ ಆಳವಾದ ಕೊರಕಲು. ಅದನ್ನು ದಾಟುವುದು ಹೇಗೆಂದು ಹುಡುಕುವುದರಲ್ಲೇ ನನ್ನ ರವಿವಾರಗಳು ಹೋದವು.

ಒಂದು ರವಿವಾರ ಟಾಕಿಯ ಎಡಕ್ಕೆ ಚೆನ್ನಾಗಿ ಸವೆದ ಒಂದು ದಾರಿ ಕಂಡಿತು. ಇಷ್ಟು ಸವೆದಿದೆಯೆಂದರೆ ಎಲ್ಲಿಗೋ ಹೋಗಲೇಬೇಕು ಎಂದು ಖುಷಿಯಿಂದ ಇಳಿದೆ. ತಿರುವಿನಾಚೆ ಬೇವಿನ ಮರದ ಕೆಳಗೆ ಆರೇಳು ಮಂದಿ ಇಸ್ಪೀಟು ಆಡುತ್ತ ಕುಳಿತಿದ್ದರು. ನನ್ನ ಹೆಲ್ಮೆಟ್ ಕಂಡದ್ದೇ ತಡ, "ಪೊಲೀಸ್ ಬಂದ್ರೋ!" ಎಂದು ಒಬ್ಬ ಕೂಗಿದ. ಎಲೆಗಳು ಗಾಳಿಗೆ ಹಾರಿದವು, ಎಲ್ಲರೂ ಮೆಳೆಯೊಳಗೆ ನುಗ್ಗಿದರು. "ಏ, ನಾನು ಸಾಲಿ ಟೀಚರ್ ರೀ!" ಎಂದು ನಾನು ಕೂಗಿದರೂ ಯಾರೂ ನಿಲ್ಲಲಿಲ್ಲ. ದಾರಿ ಆ ಮರದ ಕೆಳಗೇ ಮುಗಿದಿತ್ತು. ಮರುದಿನ ಹತ್ತನೇ ಇಯತ್ತೆಯ ಒಬ್ಬ ಹುಡುಗಿ ನನ್ನ ಹತ್ತಿರ ಬಂದು, "ಟೀಚರ್, ನಮ್ಮಪ್ಪ ಕೇಳ್ಯಾನ್ರಿ, ಮುಂದಿನ ರವಿವಾರ ನೀವು ಯಾವ ದಾರೀಲೆ ಬರ್ತೀರಿ ಅಂತ" ಎಂದು ಕೇಳಿದಳು.

ಇನ್ನೊಂದು ಸಲ ಖಣಿಯ ಕಡೆಯಿಂದ ಇಳಿಯುವಾಗ ತಿರುವಿನಲ್ಲಿ ಸೌದೆಯ ಹೊರೆ ಹೊತ್ತ ಹೆಂಗಸರ ಸಾಲು ಎದುರಾಯಿತು. ಬ್ರೇಕ್ ಒತ್ತಿದೆ, ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಮುಂದಿನವಳು ಹೆದರಿ ಹೊರೆ ಚೆಲ್ಲಿದಳು. ಅದರ ಮೇಲೆಯೇ ನಾನು ಹೋಗಿ ಬಿದ್ದೆ.

"ಏನ ಬೇ ಇದು! ಹುಲಿ ಬಂದಂಗ ಬರ್ತಿ. ಬಾಯಿ ಇಲ್ಲೇನ ನಿನಗ?"

ನಾನು ಎದ್ದು ಮೊಣಕೈ ಒರೆಸಿಕೊಳ್ಳುತ್ತ ತಪ್ಪಾಯಿತೆಂದೆ. ಚೆಲ್ಲಿದ ಸೌದೆಯನ್ನು ಅವಳೊಡನೆ ಕೂಡಿಸಿದೆ, ಹೊರೆ ಕಟ್ಟಿ ತಲೆಯ ಮೇಲೆ ಎತ್ತಿಕೊಟ್ಟೆ. ಆ ಹೊರೆಯ ಭಾರ ನನಗೆ ಗೊತ್ತಾದದ್ದು ಆಗಲೇ. ಇಷ್ಟು ಹೊತ್ತುಕೊಂಡು ಕುತ್ತಿಗೆ ತಿರುಗಿಸಲೂ ಆಗದೆ ನಡೆಯುವವರ ಎದುರು ನಾನು ಗಾಳಿಯಂತೆ ಇಳಿಯುತ್ತಿದ್ದೆ. ಅಂದಿನಿಂದ ಪ್ರತಿ ತಿರುವಿಗೂ "ಬಂದೇನ್ರೀ" ಎಂದು ಕೂಗುವುದು, ಹೊರೆಯವರು ಎದುರಾದರೆ ಇಳಿದು ಪಕ್ಕಕ್ಕೆ ನಿಲ್ಲುವುದು ರೂಢಿಯಾಯಿತು. ಅವರೂ ದೂರದಿಂದಲೇ "ಬಾ ಬಾ, ನಿಂತೇವಿ" ಎಂದು ಕೂಗಿ ಹೇಳಲು ಕಲಿತರು.

ಜಾಲಿಮುಳ್ಳಿನ ಕಾಟ ಬೇರೆ. ವಾರಕ್ಕೆ ಎರಡು ಪಂಕ್ಚರ್. ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಮಿಸ್ತ್ರಿ ಚಾಚಾ ಮೂರನೆಯ ಸಲ ನನ್ನನ್ನು ನೋಡಿದಾಗ, "ಅಕ್ಕೋರ, ನೀವು ಸೈಕಲ್ ರಸ್ತಾದಾಗ ಹೊಡಿತೀರೋ ಮುಳ್ಳಿನ ಬೇಲ್ಯಾಗ ಹೊಡಿತೀರೋ?" ಎಂದು ಕೇಳಿದರು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸಿ ಕೊಟ್ಟರು. ಸೈಕಲ್ ಸ್ವಲ್ಪ ಭಾರವಾಯಿತು, ಪಂಕ್ಚರ್ ನಿಂತಿತು.

ಆದರೂ ಕೊರಕಲು ದಾಟಲು ಆಗಲಿಲ್ಲ. ಮಾರ್ಚ್ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದು, ನೇರವಾಗಿ ಇಳಿದು ನೇರವಾಗಿ ಹತ್ತಿಬಿಡುವುದೇ ಸರಿ ಎಂದು ಹಟ ಹಿಡಿದು, ಸೈಕಲ್ಲನ್ನು ಹೆಗಲಿಗೇರಿಸಿ ಕೊರಕಲಿನ ದಂಡೆ ಹತ್ತುತ್ತಿದ್ದೆ. ಎರಡು ಹೆಜ್ಜೆ ಏರಿದರೆ ಮೂರು ಹೆಜ್ಜೆ ಜಾರುತ್ತಿತ್ತು. ಮೇಲಿನಿಂದ ಯಾರೋ ನಕ್ಕಂತಾಯಿತು.

"ಏ ತಂಗಿ, ಅದು ನಿನ್ನ ಹೊರಬೇಕೋ, ನೀ ಅದನ್ನ ಹೊರಬೇಕೋ?"

ದಂಡೆಯ ಮೇಲೆ ಒಬ್ಬ ಮುದುಕಿ ಕೋಲು ಊರಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ, ಬಾಯಲ್ಲಿ ತಂಬಾಕು. ಸುತ್ತಲೂ ಮೂವತ್ತು ನಲವತ್ತು ಆಡುಗಳು. ಅವೂ ನನ್ನನ್ನೇ ನೋಡುತ್ತಿದ್ದವು. ನಾನು ಅಲ್ಲೇ ಕುಸಿದು ಕುಳಿತು, ಶಾಲೆಗೆ ಹೋಗುವ ದಾರಿ ಹುಡುಕುತ್ತಿದ್ದೇನೆಂದು ಹೇಳಿದೆ.

"ಸಾಲಿಗಿ ರಸ್ತಾ ಐತೆಲ್ಲ?"

"ಕಬ್ಬಿನ ಗಾಡಿ ಅಂಜಿಕಿ ಆಯಿ."

"ಅದೂ ಖರೆ ಐತಿ," ಎಂದು ತಂಬಾಕು ಉಗುಳಿದಳು. "ನಮ್ಮೆರಡು ಆಡು ಅವಕ್ಕ ಸಿಕ್ಕು ಸತ್ತಾವು. ಆದ್ರ ನೀ ಏನ ಸೀದಾ ಹತ್ತಾಕತ್ತೀ? ಆಡು ಎಂದಾರ ಸೀದಾ ಹತ್ತತಾವೇನು? ಅವು ಅಡ್ಡ ಹೊಕ್ಕಾವು. ಅಡ್ಡಾಡ್ಕೋತ, ತಿನಕೋತ, ಗುಡ್ಡಕ್ಕ ಗೊತ್ತಾಗದಂಗ ಮ್ಯಾಲ ಹೋಗಿ ನಿಂತಿರತಾವು. ಒಂದಿನ ನಮ್ಮ ಬೆನ್ನ ಹತ್ತಿ ಬಾ. ಆ ಸೈಕಲ್ ಮನ್ಯಾಗ ಬಿಟ್ಟು ಬಾ."

ಬೇಸಿಗೆಯ ರಜೆ ಬಿದ್ದ ಮೇಲೆ ನಾನು ನಿಜವಾಗಿಯೂ ಹೋದೆ. ಎರಡು ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟ್ಲಿ ಕಟ್ಟಿಕೊಂಡು ಮುಂಜಾನೆಯಿಂದ ಆಡುಗಳ ಹಿಂದೆ ನಡೆದೆ. ಗಣಿತ ಕಲಿಸುವವಳಿಗೆ ಎರಡು ಬಿಂದುಗಳ ನಡುವೆ ಸರಳರೇಖೆಯೇ ಹತ್ತಿರ. ಆಡುಗಳ ಲೆಕ್ಕ ಬೇರೆ. ಒಂದು ಕವಳಿ ಕಂಟಿಯಿಂದ ಇನ್ನೊಂದಕ್ಕೆ, ನೆರಳಿನಿಂದ ನೆರಳಿಗೆ, ಇಳಿಜಾರಿನ ಹೊಟ್ಟೆಯ ಮೇಲೆ ಅಡ್ಡಡ್ಡ ಹೋಗುತ್ತಿದ್ದವು. ಕೊರಕಲಿನ ಹತ್ತಿರ ಬಂದಾಗ ಅವು ಇಳಿಯಲೇ ಇಲ್ಲ. ದಂಡೆ ಹಿಡಿದು ಮೇಲಕ್ಕೆ ಹೋಗಿ, ಎರಡು ಬಂಡೆಗಳ ನಡುವೆ ಕೊರಕಲು ಮೊಣಕಾಲುದ್ದ ಮಾತ್ರ ಇದ್ದ ಕಡೆ ಒಂದೊಂದಾಗಿ ದಾಟಿದವು. ನಾನು ನಾಲ್ಕು ತಿಂಗಳಲ್ಲಿ ಅಷ್ಟು ಮೇಲೆ ಹೋಗಿ ನೋಡಿಯೇ ಇರಲಿಲ್ಲ. ಅಲ್ಲಿ ಕೊರಕಲು ಇನ್ನೂ ಆಳ ಇರುತ್ತದೆಂದು ಕುಳಿತಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

"ಇಷ್ಟ ನೋಡವ್ವಾ," ಎಂದಳು ಆಯಿ. ನಾನು ಖುಷಿಗೆ ಅವಳ ಎರಡೂ ಕೈ ಹಿಡಿದು ಅಲ್ಲಾಡಿಸಿಬಿಟ್ಟೆ. ಅವಳು ನನ್ನ ರೊಟ್ಟಿಯಲ್ಲಿ ಒಂದನ್ನು ತಿಂದು, "ಚಟ್ನ್ಯಾಗ ಉಪ್ಪು ಕಡಿಮಿ ಆಗೈತಿ" ಎಂದಳು.

ಮರುದಿನ ಒಬ್ಬಳೇ ಬಂದರೆ ದಾರಿಯೇ ಸಿಗಲಿಲ್ಲ. ಆಡಿನ ದಾರಿ ಆಡಿಲ್ಲದೆ ಹೋದರೆ ಎಲ್ಲ ಕಂಟಿಗಳೂ ಒಂದೇ ತರ. ಅದಕ್ಕೆ ನಾನು ಶಾಲೆಯ ಸೀಮೆಸುಣ್ಣದ ತುಂಡುಗಳನ್ನು ಒಂದು ಡಬ್ಬಿಯಲ್ಲಿ ತಂದು, ಆಯಿಯೊಡನೆ ಇನ್ನೆರಡು ದಿನ ನಡೆದು, ತಿರುವು ಬಂದಲ್ಲೆಲ್ಲ ಕಲ್ಲಿನ ಮೇಲೆ ಬಾಣದ ಗುರುತು ಬರೆದೆ. ಎರಡು ದಾರಿ ಕೂಡುವಲ್ಲಿ ವೃತ್ತ ಬರೆದು ನಡುವೆ ಒಂದು ಗೆರೆ ಎಳೆದೆ. ಅಭ್ಯಾಸಬಲ, ಕೆಲವು ಕಡೆ ಅ, ಬ, ಕ ಎಂದೂ ಬರೆದಿದ್ದೆ.

ಇದರಿಂದ ಏನಾಗುತ್ತದೆಂದು ನನಗೆ ಹೊಳೆಯಲಿಲ್ಲ. ಒಂದು ವಾರದಲ್ಲಿ ನಮ್ಮ ಓಣಿಯಲ್ಲೇ ಸುದ್ದಿ: ಗುಡ್ಡದಲ್ಲಿ ನಿಧಿ ಹುಡುಕುವವರು ಸೇರಿಕೊಂಡಿದ್ದಾರಂತೆ, ಕಲ್ಲುಗಳ ಮೇಲೆಲ್ಲ ಬಿಳಿ ಯಂತ್ರ ಬರೆದಿದ್ದಾರಂತೆ, ಅಮಾವಾಸ್ಯೆಗೆ ಅಗೆಯುತ್ತಾರಂತೆ. ಹಾಲು ಹಾಕಲು ಬಂದವಳು ಹೇಳಿದಾಗ ನಾನೂ "ಹೌದಾ?" ಎಂದು ಆಶ್ಚರ್ಯಪಟ್ಟೆ. ಆ ಯಂತ್ರ ನನ್ನದೇ ಎಂದು ಅವಳು ಹೋದ ಮೇಲೆ ಹೊಳೆಯಿತು.

ಒರೆಸಿಬಿಡೋಣವೆಂದು ಮರುದಿನ ಮುಂಜಾನೆ ಒದ್ದೆ ಬಟ್ಟೆ ತೆಗೆದುಕೊಂಡು ಸೈಕಲ್ ಹತ್ತಿ ಹೋದೆ. ಮೊದಲ ವೃತ್ತದ ಮುಂದೆ ಕುಳಿತು ತಿಕ್ಕುತ್ತಿದ್ದೇನೆ, ಹಿಂದಿನಿಂದ ಗಡಸು ದನಿ.

"ಅಲ್ಲೇ ಕುಂದ್ರು! ಏಳಬ್ಯಾಡ!"

ಅರಣ್ಯದ ಗಾರ್ಡ್, ಕೈಯಲ್ಲಿ ಲಾಠಿ. ಅವನ ಜೊತೆಗೆ ನಗುವ ವ್ಯಾಯಾಮದ ನಿವೃತ್ತ ಮಾಸ್ತರರು ಮೂವರು, ಒಬ್ಬರ ಕೈಯಲ್ಲಿ ವಾಕಿಂಗ್ ಕೋಲು. ಮೆಳೆಯ ಹಿಂದೆ ನಸುಕಿನಿಂದ ಹೊಂಚಿ ಕುಳಿತಿದ್ದರಂತೆ. ನಾನು ಹೆಲ್ಮೆಟ್ ತೆಗೆದೆ. ಗಾರ್ಡ್ ಒಂದು ಕ್ಷಣ ನನ್ನನ್ನೂ, ಒದ್ದೆ ಬಟ್ಟೆಯನ್ನೂ, ಸೈಕಲ್ಲನ್ನೂ ನೋಡಿದ. ಅವನ ಮಗ ನಮ್ಮ ಶಾಲೆಯಲ್ಲೇ ಎಂಟನೆಯದರಲ್ಲಿದ್ದ.

"ಅಕ್ಕೋರ... ನೀವಾ ನಿಧಿ ಹುಡುಕಾವ್ರು?"

ನಾನು ಎಲ್ಲ ಹೇಳಿದೆ. ಕಬ್ಬಿನ ಗಾಡಿಯಿಂದ ಶುರು ಮಾಡಿ ಆಡುಗಳವರೆಗೆ. ಹೇಳುತ್ತ ಹೋದಂತೆ ನನಗೇ ಅದು ಹುಚ್ಚರ ಮಾತಿನಂತೆ ಕೇಳತೊಡಗಿತು. ಮಾಸ್ತರರಲ್ಲಿ ಹಿರಿಯರಾದವರು ಕಲ್ಲಿನ ಮೇಲಿನ ವೃತ್ತವನ್ನು ಬಗ್ಗಿ ನೋಡಿ, "ಇದು ವ್ಯಾಸ. ಮತ್ತ ನಾನು ಅವತ್ತ ಹೇಳಿದ್ನೆಲ್ಲ, ಯಂತ್ರ ಅಲ್ಲ ಅಂತ" ಎಂದರು. ಉಳಿದಿಬ್ಬರು, "ನೀವು ಯಾವಾಗ ಹೇಳಿದ್ರಿ?" ಎಂದು ಅವರ ಮೇಲೆ ಬಿದ್ದರು. ಅಲ್ಲಿಂದ ಅವರ ಜಗಳ ಬೇರೆಯಾಯಿತು.

ಗಾರ್ಡ್ ಮಾತ್ರ ನಗಲಿಲ್ಲ. "ಒಂದ ಟೊಂಗಿ ಕಡದೀರೇನ್ರಿ?" ಎಂದು ಕೇಳಿದ. ಇಲ್ಲವೆಂದೆ. ನಂಬದೆ, ದಾರಿ ತೋರಿಸೆಂದ. ಸೈಕಲ್ ಅಲ್ಲೇ ಬಿಟ್ಟು ನಾನು ಮುಂದೆ, ಅವನು ಹಿಂದೆ, ಬಾಣದಿಂದ ಬಾಣಕ್ಕೆ ನಡೆದೆವು. ಎರಡು ಬಂಡೆಗಳ ನಡುವೆ ಕೊರಕಲು ದಾಟಿದಾಗ ಅವನ ಮುಖ ಸಡಿಲಾಯಿತು. "ಈ ದಾಟು ನನಗ ಗೊತ್ತ ಇರಲಿಲ್ಲ ನೋಡ್ರಿ," ಎಂದ. ಆದರೆ ದಾಟಿದ ಮೇಲೆ ಖಣಿಯವರೆಗಿನ ಕೊನೆಯ ತುಂಡು ಎಳೆಯ ಸಸಿಗಳ ನಡುವೆ ಹೋಗುತ್ತಿತ್ತು. ಅಲ್ಲಿ ಅವನು ನಿಂತ.

"ಇಲ್ಲಿ ಬ್ಯಾಡ್ರಿ. ಹ್ವಾದ ವರ್ಷ ಹಚ್ಚಿದ ಸಸಿ ಅದಾವು. ಮಂದಿ ನಿಮ್ಮ ಗಾಲಿ ನೋಡಿ ಬೆನ್ನ ಹತ್ತಿದ್ರ ಒಂದೂ ಉಳಿಯಾಂಗಿಲ್ಲ."

ನನಗೆ ಕಣ್ಣಲ್ಲಿ ನೀರು ಬಂದಂತಾಯಿತು. ಇನ್ನು ಕೂಗಳತೆಯ ದೂರದಲ್ಲಿ ಖಣಿ. ಅವನು ಹೇಳಿದ್ದು ಸರಿಯೆಂದೂ ಗೊತ್ತಿತ್ತು. ಬಂದ ದಾರಿಗೆ ತಿರುಗಿದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಅವನೇ ಕರೆದ.

"ಅಕ್ಕೋರ, ಹಿಂಗ್ ಬರ್ರಿ."

ಬಂಡೆಗಳ ಮೇಲ್ಭಾಗದಲ್ಲಿ, ಹುಲ್ಲಿನ ಆಚೆ, ಒಂದು ಗಾಡಿ ಹೋಗುವಷ್ಟು ಅಗಲದ ಬೋಳು ಪಟ್ಟಿ ಗುಡ್ಡದ ಸೊಂಟಕ್ಕೆ ಕಟ್ಟಿದಂತೆ ಹೋಗಿತ್ತು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಆಚೆ ದಾಟದಿರಲೆಂದು ಇಲಾಖೆಯವರು ವರ್ಷವೂ ಹುಲ್ಲು ಸುಟ್ಟು ತೆರವು ಮಾಡುವ ಪಟ್ಟಿ. ಅದು ಸುತ್ತಿಕೊಂಡು ಹೋಗಿ ನೇರವಾಗಿ ಖಣಿಯ ಬಾಯಿಗೆ ಇಳಿಯುತ್ತಿತ್ತು.

"ಇದರ ಮ್ಯಾಲ ಹೋಗ್ರಿ. ಯಾವ ಗಿಡಕ್ಕೂ ತ್ರಾಸ ಇಲ್ಲ. ಆದ್ರ ಒಂದ ಮಾತು," ಎಂದು ಗಾರ್ಡ್ ಲಾಠಿ ಎತ್ತಿ ತೋರಿಸಿದ, "ಆ ಸುಣ್ಣದ ಗುರ್ತು ಪೂರಾ ಒರಸ್ರಿ. ಇಲ್ಲಾಂದ್ರ ನಾಳೆ ಖರೇನ ಯಾರರ ಅಗ್ಯಾಕ ಬರ್ತಾರ."

ಎಲ್ಲ ಒರೆಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತಿಗೆ ದಾರಿ ನನಗೆ ಬಾಯಿಪಾಠವಾಗಿತ್ತು.

ಜೂನಿನಲ್ಲಿ ಶಾಲೆ ಶುರುವಾದ ದಿನ ಸೀರೆಯನ್ನು ಮಡಚಿ ಬೆನ್ನಿನ ಚೀಲದಲ್ಲಿ ಹಾಕಿಕೊಂಡು, ಚೂಡಿದಾರ ತೊಟ್ಟು, ಎಂಟು ಗಂಟೆಗೇ ಮನೆ ಬಿಟ್ಟೆ. ಹಿಂದಿನ ರಾತ್ರಿ ಸಣ್ಣ ಮಳೆಯಾಗಿ ಮಣ್ಣು ಹದವಾಗಿತ್ತು. ಟಾಕಿಯವರೆಗೆ ಏರು, ಎರಡು ಕಡೆ ಇಳಿದು ತಳ್ಳಿದೆ. ಆಮೇಲೆ ಆಡಿನ ದಾರಿ. ಮುಂದಿನ ಗಾಲಿ ತಾನೇ ತಿರುವುಗಳನ್ನು ಹುಡುಕಿಕೊಳ್ಳುತ್ತಿದೆಯೇನೋ ಅನ್ನುವಂತೆ ಕಂಟಿಗಳ ನಡುವೆ ಅತ್ತ ಇತ್ತ ಹೊರಳುತ್ತ ಹೋಯಿತು. ಬಂಡೆಗಳ ನಡುವೆ ಇಳಿದು ಸೈಕಲ್ ಎತ್ತಿ ದಾಟಿಸಿದೆ. ಬೆಂಕಿಪಟ್ಟಿಗೆ ಬಂದ ಮೇಲೆ ಪೆಡಲ್ ತುಳಿಯುವ ಕೆಲಸವೇ ಇರಲಿಲ್ಲ. ಗಾಳಿ ಕಿವಿಯಲ್ಲಿ ಹೊಕ್ಕು, ಕೆಳಗೆ ಕಬ್ಬಿನ ಹಸಿರು, ದೂರದಲ್ಲಿ ನಿಪ್ಪಾಣಿ ಕಡೆಯ ಗುಡ್ಡಗಳು ಕಂಡು, ನನಗೇ ತಿಳಿಯದಂತೆ ಗಟ್ಟಿಯಾಗಿ ಕೇಕೆ ಹಾಕಿದೆ. ಖಣಿಯ ಹತ್ತಿರ ಸೌದೆಯ ಹೆಂಗಸರು ಆಗಲೇ ದಾರಿ ಬಿಟ್ಟು ನಿಂತಿದ್ದರು. "ಯಾಕ ಬೇ, ಬ್ರೇಕ್ ಹರೀತೇನ?" ಎಂದು ಒಬ್ಬಳು ಕೇಳಿದಳು.

ಶಾಲೆಯ ಹಿಂದಿನ ಗೇಟಿನಲ್ಲಿ ಇಳಿದಾಗ ಪ್ರಾರ್ಥನೆಗೆ ಇನ್ನೂ ಸಾಕಷ್ಟು ಸಮಯವಿತ್ತು. ಸೀರೆ ಉಟ್ಟು ಹೊರಗೆ ಬಂದರೆ ಹೆಡ್ ಮಾಸ್ತರರು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, "ಗುಡ್ಡದ ಮ್ಯಾಲಿಂದ?" ಎಂದರು. ಹೌದೆಂದೆ. "ರಸ್ತಾಕಿಂತ ಹತ್ರಾ ಆಗತೈತೇನ್ರಿ?"

ನಿಜ ಹೇಳಬೇಕೆಂದರೆ ಹತ್ತಿರವಾಗಿರಲಿಲ್ಲ. ಸ್ಕೂಟಿಯಲ್ಲಿ ಇಪ್ಪತ್ತು ನಿಮಿಷದ ದಾರಿ, ಗುಡ್ಡದ ಮೇಲಿಂದ ಮುಕ್ಕಾಲು ತಾಸು. ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ ಮಾತಾಡಿಸಿದರೆ ಒಂದು ತಾಸು. ಆದರೂ ಐದು ವರ್ಷ, ರಾಯಬಾಗದ ಕಡೆಗೆ ವರ್ಗವಾಗುವವರೆಗೆ, ಜೋರು ಮಳೆಯ ದಿನಗಳನ್ನು ಬಿಟ್ಟು ನಾನು ಅದೇ ದಾರಿಯಲ್ಲಿ ಹೋದೆ. ಎರಡನೆಯ ವರ್ಷ ಭರತಿಯ ಹುಡುಗರು ಓಡಲು ಅದೇ ದಾರಿ ಹಿಡಿದರು. ಮೂರನೆಯ ವರ್ಷ ಆಚೆಯ ಹಳ್ಳಿಯ ಹೆಂಗಸರು ಚಿಕ್ಕೋಡಿಯ ಸಂತೆಗೆ ಆ ದಾರಿಯಲ್ಲೇ ನಡೆದು ಬರತೊಡಗಿದರು. ಕೊರಕಲಿನ ದಾಟಿಗೆ ಯಾರೋ ಎರಡು ಚಪ್ಪಡಿ ಕಲ್ಲು ಹಾಕಿದ್ದರು. ಯಾರೆಂದು ಗಾರ್ಡನನ್ನು ಕೇಳಿದರೆ ಗೊತ್ತಿಲ್ಲವೆಂದ.

ಒಂದು ದೀಪಾವಳಿ ರಜೆಯಲ್ಲಿ ನಮ್ಮ ಮನೆಯವರನ್ನು ಒತ್ತಾಯ ಮಾಡಿ ನಡೆಸಿಕೊಂಡು ಕರೆದುಕೊಂಡು ಹೋದೆ. ಟಾಕಿಯ ಹತ್ತಿರ ಮಾಸ್ತರರು ಅವರನ್ನು ನಡುವೆ ನಿಲ್ಲಿಸಿಕೊಂಡು ಮೂರು ಸಲ ನಗಿಸಿಯೇ ಬಿಟ್ಟರು. ಇಸ್ಪೀಟಿನವರು ಎಲೆ ಮುಚ್ಚಿಡದೆ ನಮಸ್ಕಾರ ಹೇಳಿದರು. ಆಯಿ ನಮ್ಮ ಮನೆಯವರನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಇವರದೇನ ಆ ಸೈಕಲ್? ಅದಕ್ಕ ಇಷ್ಟ ಹೊಸಾದು ಇತ್ತು" ಎಂದಳು. ಕಂಟಿಯಿಂದ ಹಣ್ಣಾದ ಸೀತಾಫಲ ಹುಡುಕಿ ಉಡಿಯಲ್ಲಿ ತುಂಬಿಕೊಂಡು ಬಂದು ನಮ್ಮ ಮುಂದೆ ಸುರಿದಳು. ಅವರು ಬಂಡೆಯ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತ, "ಓಣ್ಯಾಗಿಂತ ನಿನಗ ಇಲ್ಲೇ ಗುರುತಿನ ಮಂದಿ ಹೆಚ್ಚ ಅದಾರಲ್ಲ" ಎಂದರು. ನಾವು ಮೂವರೂ ಬೀಜ ಉಗುಳುತ್ತ ಬಿಸಿಲು ಏರುವವರೆಗೆ ಅಲ್ಲೇ ಕುಳಿತಿದ್ದೆವು.